ದೇವರಿಗೆ ಟ್ರ್ಯಾಕ್ಟರ್ ಸಾಕು, ಮದುಮಗನಿಗೆ ಸಾರೋಟೇ ಬೇಕಂತೆ

ಮದುವೆಗೆ ಹೋಗಿ ಊಟ ಮಾಡದೆ ಬಂದದ್ದು ನನ್ನ ಆಯುಷ್ಯದಲ್ಲಿ ಇದೇ ಮೊದಲು. ನನ್ನನ್ನು ಬಲ್ಲವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಭಾನುವಾರ ಮಡಿಕೇರಿಯಲ್ಲಿ ಹತ್ತಿರದವರದ್ದೇ ಮದುವೆ. ಮಂಟಪದ ಹೆಸರು ಬೇಡ, ಮನೆಯವರ ಹೆಸರು ಮೊದಲೇ ಬೇಡ. ರಸ್ತೆಯಿಂದ ಮಂಟಪಕ್ಕೆ ಒಂದು ಕಾಂಕ್ರೀಟ್ ಏರು, ನಮ್ಮ ಊರಿನ ಎಲ್ಲ ಏರುಗಳ ಹಾಗೆ. ಹಿಂದಿನ ರಾತ್ರಿ ಒಳ್ಳೆ ಮಳೆ ಬಿದ್ದು ನೆಲ ಪಾಚಿಗಟ್ಟಿದ ಬಾವಿಕಟ್ಟೆಯಂತಾಗಿತ್ತು. ನಾನೇ ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದವನು. ಅದೇ ಏರಿನಲ್ಲಿ ಎರಡು ಬಿಳಿ ಕುದುರೆ ಕಟ್ಟಿದ ಸಾರೋಟು ಬಂತು. ಕೆಂಪು ವೆಲ್ವೆಟ್, ಮಿಣಮಿಣ ಎಲ್‌ಇಡಿ, ಮೇಲೆ ಮದುಮಗ, ಅವನ ಇಬ್ಬರು ದೋಸ್ತರು, ಅಕ್ಕ, ಅಕ್ಕನ ಎರಡು ದೊಡ್ಡ ಮಕ್ಕಳು, ತುದಿಯಲ್ಲಿ ನೇತಾಡುತ್ತಾ ಒಬ್ಬ ಫೋಟೊಗ್ರಾಫರ್. ಮುಂದೆ ಡಿಜೆ, ಹಿಂದೆ ಪಟಾಕಿ ಸರ.

ಪಟಾಕಿ ಸಿಡಿದದ್ದೇ ತಡ, ಎಡಗಡೆಯ ಕುದುರೆ ಮುಂದಕ್ಕೆ ಜಿಗಿಯಲು ಹೋಗಿ ಲಾಳ ಜಾರಿ ಮಂಡಿಯೂರಿ ಬಿತ್ತು. ಆ ಸದ್ದು ಹೇಗೆ ಹೇಳಲಿ? ತುಂಬಿದ ಅಕ್ಕಿ ಮೂಟೆ ಅಟ್ಟದಿಂದ ಕೆಳಗೆ ಬಿದ್ದ ಹಾಗೆ. ಒಂದು ಕ್ಷಣ ಡಿಜೆ ನಿಂತಿತು. ಆಮೇಲೆ ಎಲ್ಲರೂ ಫೋನ್ ಎತ್ತಿದರು.

ನಾನು ಮೂವತ್ತೊಂದು ವರ್ಷ ಪಶುವೈದ್ಯ ಇಲಾಖೆಯಲ್ಲಿದ್ದವನು. ಊರವರ ಬಾಯಲ್ಲಿ ಡಾಕ್ಟ್ರು, ಇಲಾಖೆಯ ಕಾಗದದಲ್ಲಿ ಬರೀ ಪಶುವೈದ್ಯಕೀಯ ಪರೀಕ್ಷಕ. ನೋಡಿದ್ದೆಲ್ಲ ದನ, ಹಂದಿ, ನಾಯಿ, ಕುದುರೆ ಬೆರಳೆಣಿಕೆ. ಆದರೂ ಮಂಡಿಯ ಚರ್ಮ ಸುಲಿದು ಒಳಗಿನ ಬಿಳಿ ಕಾಣುವುದು ಗೊತ್ತಾಗಲು ಹೆಚ್ಚು ಓದಬೇಕಾಗಿಲ್ಲ. ಕಾರಿನಿಂದ ಔಷಧಿ ತಂದು ಕೂತೆ. ಆಗ ಹಿಂದಿನಿಂದ ಒಬ್ಬರು, ನನಗಿಂತ ಹಿರಿಯರು, ಹೇಳಿದ ಮಾತು: "ಡಾಕ್ಟ್ರೇ, ಸ್ವಲ್ಪ ಬೇಗ ಮಾಡಿ, ಮುಹೂರ್ತಕ್ಕೆ ಲೇಟಾಗ್ತದೆ."

ಅಲ್ಲ ಮಾರಾಯ್ರೆ, ಮದುಮಗನಿಗೆ ಎರಡು ಕಾಲಿಲ್ಲವಾ? ಇನ್ನೂರು ಹೆಜ್ಜೆ ನಡೆದರೆ ಶೇರ್ವಾನಿ ಸವೆಯುತ್ತದಾ?

ಮನೆಗೆ ಬಂದು ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಮದುವೆಗೆ ಕುದುರೆ ಗಾಡಿ ಬೇಡ ಅಂತ ನಾಲ್ಕು ಸಾಲು ಬರೆದೆ. ಅದಕ್ಕೆ ಬಂದ ಉತ್ತರಗಳಿಂದಾಗಿ ಇಲ್ಲಿ ನಾನೂರು ಸಾಲು ಬರೆಯಬೇಕಾಗಿದೆ.

ಮೊದಲ ಉತ್ತರ: "ಇದು ನಮ್ಮ ಪದ್ಧತಿ." ಯಾರ ಪದ್ಧತಿ? ಕೊಡಗಿನ ದಾರಿಗಳಲ್ಲಿ ಹಿಂದೆ ಹೊರೆ ಹೊತ್ತದ್ದು ಎತ್ತು. ಕಾಫಿ ಇಳಿದದ್ದು ಎತ್ತಿನ ಗಾಡಿಯಲ್ಲಿ. ಕೊಡವ ಮದುವೆಗಳಲ್ಲಿ ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಬರುವ ಕ್ರಮ ಉಂಟು, ಅದರ ಮೇಲೆ ಯಾರೂ ಹತ್ತಿ ಕೂರುವುದಿಲ್ಲ. ಸಾರೋಟು ಅರಮನೆಯ ಊರಿನದ್ದು, ಸಪಾಟು ರಸ್ತೆಯದ್ದು. ಮೈಸೂರಲ್ಲಿ ಟಾಂಗಾ ಒಂದು ಕಾಲಕ್ಕೆ ಜನರ ಬಸ್ಸು, ಆಟೋ ಎಲ್ಲ ಆಗಿತ್ತು. ಈಗ ಅರಮನೆ ಸುತ್ತ ಪ್ರವಾಸಿಗರನ್ನು ಸುತ್ತಿಸುವ ಆಟ. ನಮ್ಮಲ್ಲಿಗೆ ಅದು ಬಂದದ್ದು ಇನ್‌ಸ್ಟಾಗ್ರಾಮ್ ಬಂದ ಮೇಲೆ. ಇದನ್ನು ಪದ್ಧತಿ ಅನ್ನುವುದಾದರೆ ಡ್ರೋನ್ ಹಾರಿಸುವುದೂ ಪದ್ಧತಿಯೇ.

ಇನ್ನೊಂದು ಮಾತು. ಮಡಿಕೇರಿ ದಸರಾದಲ್ಲಿ ವಿಜಯದಶಮಿ ರಾತ್ರಿ ದೇವರು ರಾಕ್ಷಸನನ್ನು ಕೊಲ್ಲುವ ಕಥೆ ತೋರಿಸುವ ಹತ್ತು ದೇವಸ್ಥಾನಗಳ ಮಂಟಪಗಳು ಹೊರಡುತ್ತವಲ್ಲ, ಕೋಟೆ ಗಣಪತಿ, ಚೌಟಿ ಮಾರಿಯಮ್ಮ ಎಲ್ಲ, ಹೇಗೆ ಹೊರಡುತ್ತವೆ? ಟ್ರ್ಯಾಕ್ಟರ್ ಮೇಲೆ. ರಾಕ್ಷಸ ಸಾಯುವುದೂ ಟ್ರ್ಯಾಕ್ಟರ್ ಮೇಲೆಯೇ. ಒಬ್ಬ ದೇವರಾದರೂ ನನಗೆ ಬಿಳಿ ಕುದುರೆ ತನ್ನಿ ಅಂತ ಹಟ ಹಿಡಿದದ್ದುಂಟಾ?

ಆ ಕುದುರೆಗಳು ಬಂದದ್ದು ಎಲ್ಲಿಂದ ಅಂತ ಯಾರಾದರೂ ಕೇಳಿದರಾ? ಮೈಸೂರಿನಿಂದ. ಸುಮಾರು 120 ಕಿಲೋಮೀಟರ್, ಕ್ಯಾಂಟರ್‌ನ ಹಿಂದೆ ನಿಂತುಕೊಂಡೇ. ಬೆಂಗಳೂರಿನ ನೆಂಟರು ಕುಶಾಲನಗರ ದಾಟಿ ಬೋಯಿಕೇರಿ ಹತ್ತಿರ ಬರುವಷ್ಟರಲ್ಲಿ ಕಾರು ನಿಲ್ಲಿಸಿ ವಾಂತಿ ಮಾಡುತ್ತಾರೆ, ಆಮೇಲೆ ವಾರವಿಡೀ ನಮ್ಮ ತಿರುವುಗಳ ಕಥೆ ಹೇಳುತ್ತಾರೆ. ಕುದುರೆಗೆ ಆ ಭಾಗ್ಯವೂ ಇಲ್ಲ. ಅದರ ಅನ್ನನಾಳದ ರಚನೆಯೇ ಹಾಗೆ, ವಾಂತಿ ಮಾಡಲು ಬರುವುದಿಲ್ಲ. ಅದಕ್ಕೇ ಹೊಟ್ಟೆಶೂಲೆ ಬಂದರೆ ದನಕ್ಕಿಂತ ಕುದುರೆಯ ವಿಷಯದಲ್ಲಿ ನಾವು ಹೆಚ್ಚು ಹೆದರುವುದು.

ಮತ್ತೆ ಅದು ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿ. ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲಿನದು ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ; ಒಂದೊಂದು ಕಿವಿಯನ್ನು ಒಂದೊಂದು ಕಡೆ ತಿರುಗಿಸಬಲ್ಲದು. ಅಂಥದಕ್ಕೆ ಕಣ್ಣಿಗೆ ಪಟ್ಟಿ ಕಟ್ಟಿ, ಬಾಯಿಗೆ ಕಬ್ಬಿಣ ಹಾಕಿ, ಹಿಂದೆ ಪಟಾಕಿ ಹಚ್ಚಿ, ಓಡಬೇಡ ನಿಲ್ಲು ಅನ್ನುತ್ತೇವೆ. ಎಷ್ಟು ಜನ ಗಂಡಸರು ಹೀಗೆ ನಿಂತಾರು? ನಾನಂತೂ ನಿಲ್ಲಲಾರೆ.

ಕಾನೂನು ಇಲ್ಲವಾ ಅಂತ ಕೇಳಬಹುದು. ಉಂಟು. ಭಾರ ಎಳೆಯುವ ಪ್ರಾಣಿಗಳ ಬಗ್ಗೆ ಇರುವ 1965ರ ನಿಯಮದ ಪ್ರಕಾರ ಇಂಥ ಗಾಡಿಯಲ್ಲಿ ಓಡಿಸುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ಕು ಜನಕ್ಕಿಂತ ಹೆಚ್ಚು ಕೂರುವ ಹಾಗಿಲ್ಲ. ಭಾನುವಾರ ಇದ್ದವರು ಏಳು, ನಾನೇ ಎಣಿಸಿದ್ದೇನೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿ ಕೊಡದೆ ಸತತ ಐದು ಗಂಟೆ ಮೀರಬಾರದು. ಬರೆದವರು ಪುಣ್ಯಾತ್ಮರು. ಆದರೆ ಪ್ರಾಣಿಹಿಂಸೆಗೆ 1960ರ ಕಾಯ್ದೆಯ 11ನೇ ಕಲಮಿನಲ್ಲಿ ಮೊದಲ ಸಲದ ದಂಡ ಎಷ್ಟು ಗೊತ್ತಾ? ಕನಿಷ್ಠ ಹತ್ತು ರೂಪಾಯಿ, ಗರಿಷ್ಠ ಐವತ್ತು. ಇವತ್ತಿಗೂ. ಆ ಮದುವೆಯಲ್ಲಿ ಬೀಡಾಕ್ಕೆ ಖರ್ಚಾದ ದುಡ್ಡಿನಲ್ಲಿ ಇಡೀ ದಿಬ್ಬಣದ ಮೇಲೆ ಕೇಸು ಹಾಕಿ ಎಲ್ಲರ ದಂಡವನ್ನೂ ನಾನೇ ಕಟ್ಟಿಬಿಡಬಹುದಿತ್ತು.

ಎರಡನೇ ಉತ್ತರ, ನಿರೀಕ್ಷಿಸಿದ್ದೇ: "ಹಂದಿ ಮಾಂಸ ತಿನ್ನುವವರಿಗೆ ಕುದುರೆ ಮೇಲೆ ಮಾತ್ರ ಯಾಕೆ ಕರುಣೆ?" ಹೌದು, ತಿನ್ನುತ್ತೇನೆ. ನಮ್ಮ ಕೊಡಗಿನ ಹುಳಿ, ಕಾಚಂಪುಳಿ, ಹಾಕಿ ಮಾಡಿದರೆ ಎರಡು ಸಲ ಹಾಕಿಸಿಕೊಳ್ಳುತ್ತೇನೆ. ಈ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಆದರೆ ಹಂದಿಗೆ ಪಟ್ಟಿ ಕಟ್ಟಿ ಡಿಜೆ ಮುಂದೆ ಕುಣಿಸಿ ನಾನು ಯಾವತ್ತೂ ಸೆಲ್ಫಿ ತೆಗೆದುಕೊಂಡಿಲ್ಲ. ಅಷ್ಟು ಸಾಕು, ಮುಂದೆ ಹೋಗೋಣ.

ಮೂರನೆಯದು ಬಡವರ ಹೊಟ್ಟೆಪಾಡು. ಇದೊಂದು ನಿಜವಾದ ಮಾತು. ಗಾಡಿ ಓಡಿಸುತ್ತಿದ್ದ ಹುಡುಗನಿಗೆ ಇಪ್ಪತ್ತು ವರ್ಷ ಇರಬಹುದು. ಮದ್ದು ಹಚ್ಚುವಾಗ ಕುದುರೆಯ ಕುತ್ತಿಗೆ ತಬ್ಬಿ ಹಿಡಿದವನು ಅವನೊಬ್ಬನೇ. ಮದುವೆ ಸೀಸನ್ ಮುಗಿದರೆ ಕೆಲಸ ಇಲ್ಲ, ಆದರೆ ಹುಲ್ಲು ಹುರುಳಿ ತಪ್ಪಿಸುವ ಹಾಗಿಲ್ಲವಲ್ಲ ಸಾರ್ ಅಂದ. ಗಾಡಿ ಅವನದ್ದಲ್ಲ, ಕುದುರೆಯೂ ಅವನದ್ದಲ್ಲ. ಇಷ್ಟು ಬೇಸರದಲ್ಲಿಯೂ ನನಗೆ ನಗು ಬಂದದ್ದು ಯಾವಾಗ ಅಂದರೆ, ಗುಂಪಿನಲ್ಲಿ ಬಡವರ ಹೊಟ್ಟೆ ಬಗ್ಗೆ ಉದ್ದುದ್ದ ಬರೆದ ಅದೇ ವ್ಯಕ್ತಿ ಮಧ್ಯಾಹ್ನ "ಕುದುರೆ ಬಿದ್ದು ಎಲ್ಲ ಹಾಳಾಯ್ತು" ಅಂತ ಆ ಹುಡುಗನ ಬಾಡಿಗೆಯಲ್ಲಿ ಹಣ ಮುರಿದುಕೊಂಡದ್ದು ನೆನಪಾದಾಗ.

ಹೊಟ್ಟೆಪಾಡಿಗೆ ದಾರಿ ಮಾಡದೆ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಮುಂಬೈಯ ವಿಕ್ಟೋರಿಯಾ ಅನ್ನುವ ಕುದುರೆ ಗಾಡಿಗಳನ್ನು ನೋಡಿ. 2015ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಈ ಮೋಜಿನ ಸವಾರಿ ಕಾನೂನುಬಾಹಿರ ಅಂತ ಹೇಳಿ, ನಿಲ್ಲಿಸಲು ಒಂದು ವರ್ಷ ಗಡುವು ಕೊಟ್ಟಿತು. ಗಾಡಿಯವರಿಗೆ ಪುನರ್ವಸತಿ ಯೋಜನೆ ಮಾಡಿ ಅಂತ ಸರ್ಕಾರಕ್ಕೂ ಹೇಳಿತು. 2021ರ ಮಾರ್ಚ್‌ನಲ್ಲಿ ಅದೇ ವಿಕ್ಟೋರಿಯಾ ಬ್ಯಾಟರಿ ಕಟ್ಟಿಕೊಂಡು ರಸ್ತೆಗಿಳಿಯಿತು. ನಡುವೆ ಆರು ವರ್ಷ ಹೋಯಿತು, ಅದು ತಪ್ಪೇ. ಆದರೆ ಆಗುವುದಿಲ್ಲ ಅನ್ನುವ ಮಾತು ಸುಳ್ಳಾಯಿತಲ್ಲ. ಮಾಂಟ್ರಿಯಲ್‌ನಲ್ಲಿ ಕುದುರೆ ಗಾಡಿ 2020ರ ಆರಂಭಕ್ಕೆ ನಿಂತಿತು, ಷಿಕಾಗೋದಲ್ಲಿ 2021ರ ಆರಂಭಕ್ಕೆ. ನ್ಯೂಯಾರ್ಕ್‌ನವರು ಮಾತ್ರ ನಮ್ಮ ಹಾಗೆ. 2022ರ ಆಗಸ್ಟ್‌ನಲ್ಲಿ ರೈಡರ್ ಅನ್ನುವ ಕುದುರೆ ನಡುರಸ್ತೆಯಲ್ಲಿ ಕುಸಿದು ಬಿದ್ದದ್ದನ್ನು ಇಡೀ ಜಗತ್ತು ಫೋನಿನಲ್ಲಿ ನೋಡಿತು. ಆ ಕುದುರೆ ಮುಂದೆ ಕೆಲವೇ ತಿಂಗಳು ಬದುಕಿದ್ದು. ಅಲ್ಲಿಯೂ ಗಾಡಿಯವರ ಕಾರ್ಮಿಕ ಸಂಘ ಉಂಟು, ಅಲ್ಲಿಯೂ ಇದೇ ಹೊಟ್ಟೆಪಾಡಿನ ಜಗಳ.

ಬ್ಯಾಟರಿ ಸಾರೋಟಿಗೆ ಅದೇ ಕೆಂಪು ವೆಲ್ವೆಟ್ ಹಾಕಿ. ಅದೇ ಹುಡುಗ ಓಡಿಸಲಿ. ಬೇಕಾದರೆ ಮುಂದೆ ಫೈಬರ್ ಕುದುರೆ ನಿಲ್ಲಿಸಿ, ದಸರಾ ಮಂಟಪ ಕಟ್ಟುವ ನಮ್ಮ ಹುಡುಗರು ಬಾಯಿಂದ ಹೊಗೆ ಬಿಡುವ ಹಾಗೆಯೇ ಮಾಡಿಕೊಡುತ್ತಾರೆ. ಫೋಟೊದಲ್ಲಿ ಯಾರಿಗೆ ಗೊತ್ತಾಗುತ್ತದೆ?

ಇಷ್ಟೆಲ್ಲ ಬರೆದು ಇದನ್ನು ಬಿಟ್ಟರೆ ನನ್ನ ಮನೆಯವಳೇ ಕೆಳಗೆ ಕಮೆಂಟ್ ಹಾಕುತ್ತಾಳೆ, ಅದಕ್ಕೆ ನಾನೇ ಹೇಳಿಬಿಡುತ್ತೇನೆ. ದೊಡ್ಡ ಮಗಳ ಆರತಕ್ಷತೆ ಮೈಸೂರಿನಲ್ಲಿ ಆದಾಗ ಬೀಗರು ಸಾರೋಟು ಬೇಕು ಅಂದರು. ದುಡ್ಡು ಕೊಟ್ಟವನು ನಾನು. ಕುದುರೆ ಸುಮಾರು ಮೂರು ಗಂಟೆ ಛತ್ರದ ಬಾಗಿಲಲ್ಲಿ ನಿಂತಿತ್ತು. ಹಿಂಗಾಲು ಒಂದನ್ನೇ ಮತ್ತೆ ಮತ್ತೆ ಎತ್ತಿ ಎತ್ತಿ ಇಡುತ್ತಿತ್ತು. ಅದು ದಣಿವಿನದ್ದಲ್ಲ, ನೋವಿನದ್ದು ಅಂತ ಆ ಇಡೀ ಛತ್ರದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಬೀಗರ ಮುಂದೆ ಏನು ಹೇಳುವುದು ಅಂತ ಪಾನಕದ ವ್ಯವಸ್ಥೆ ನೋಡಲು ಒಳಗೆ ಹೋದೆ. ಆ ಸಾರೋಟಿನ ಫೋಟೊ ಇವತ್ತಿಗೂ ನಮ್ಮ ಹಾಲ್‌ನಲ್ಲಿ ಟಿವಿಯ ಮೇಲೆ ಉಂಟು. ಮಗಳು ಚಂದ ಕಾಣುತ್ತಾಳೆ. ಕುದುರೆಯ ಕಾಲು ಚೌಕಟ್ಟಿನ ಹೊರಗೆ ಹೋಗಿದೆ.

ನಗರಸಭೆಗೆ ಒಂದು ಮನವಿ ಬರೆದಿದ್ದೇನೆ: ಮಡಿಕೇರಿಯೊಳಗೆ ದಿಬ್ಬಣಕ್ಕಾಗಲಿ ಪ್ರವಾಸಿಗರ ಮೋಜಿಗಾಗಲಿ ಕುದುರೆ ಗಾಡಿಗೆ ಅನುಮತಿ ಕೊಡಬೇಡಿ. ಸಹಿ ಹಾಕುವವರು ಸಂಜೆ ಮನೆಗೆ ಬನ್ನಿ, ಕಾಫಿ ಉಂಟು. ವಾಟ್ಸಾಪ್ ಗುಂಪಿನವರೂ ಬರಬಹುದು, ಅವರಿಗೆ ಸಕ್ಕರೆ ಹಾಕುವುದಿಲ್ಲ.

ಆ ಹುಡುಗನ ನಂಬರ್ ತೆಗೆದುಕೊಂಡಿದ್ದೆ. ನಿನ್ನೆ ಫೋನ್ ಮಾಡಿ ಮಂಡಿ ಹೇಗುಂಟು, ಮುಲಾಮು ಹಚ್ಚಿದೆಯಾ ಕೇಳಿದೆ. "ಹಚ್ಚಿವ್ನಿ ಸಾರ್, ಸ್ವಲ್ಪ ಊದ್ಕೊಂಡದೆ" ಅಂದ. ಹದಿನೈದು ದಿನ ಕಟ್ಟಿಹಾಕು, ಗಾಡಿಗೆ ಹೂಡಬೇಡ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಗುರ್ವಾರ ಹುಣಸೂರಲ್ಲಿ ಒಂದ್ ಮದ್ವೆ ಒಪ್ಕೊಂಡವ್ರೆ ಸಾರ್."