ಕೀಪರ್ ಹಿಂದೆ ಹೊಡೆದರೆ ರನ್ನಿಲ್ಲ

ಕೊಪ್ಪಳದ ಓಣಿಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವರ ಕೈಗೆ 'ಎಂಎಲ್‌ಬಿ ದ ಶೋ' ಎಂಬ ಬೇಸ್‌ಬಾಲ್ ವಿಡಿಯೋ ಗೇಮಿನ ಕಂಟ್ರೋಲರ್ ಕೊಡಿ. ಮೊದಲ ಅರ್ಧ ತಾಸು ಬರೀ ಲೇಟ್ ಕಟ್. ಚೆಂಡು ಕೀಪರ್ ಹಿಂದೆ ಹೋಗುತ್ತದೆ, ಪರದೆ ಮೇಲೆ 'ಫೌಲ್' ಅಂತ ಬರುತ್ತದೆ. ಇನ್ನೂ ನಯವಾಗಿ ಕಟ್ ಮಾಡುತ್ತಾರೆ, ಮತ್ತೆ ಫೌಲ್. ಹಿಂದೆ ಕೂತ ಕಾಕಾನಿಗೂ ಸಂಕಟ: "ಫೋರ್ ಹೋತಲ್ಲೋ ತಮ್ಮಾ, ರನ್ ಯಾಕ ಕೊಡವಲ್ರು?"

ಕೊಡುವುದಿಲ್ಲ. ಎರಡು ಫೌಲ್ ಗೆರೆಗಳ ನಡುವೆ, ಮುಂದಕ್ಕೆ ಬಿದ್ದದ್ದಷ್ಟೇ ಲೆಕ್ಕ. ಎರಡು ಸ್ಟ್ರೈಕ್ ಆಗುವತನಕ ಫೌಲೂ ಸ್ಟ್ರೈಕೇ (ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್). ಆಮೇಲೆ ಎಷ್ಟು ಫೌಲ್ ಹೊಡೆದರೂ ಕ್ಯಾಚ್ ಆಗದಿದ್ದರೆ ಔಟಿಲ್ಲ, ಆದರೆ ಎರಡು ಸ್ಟ್ರೈಕ್ ಆದ ಮೇಲೆ ಬಂಟ್ ಮಾಡಲು (ಬ್ಯಾಟ್ ಬೀಸದೆ ಚೆಂಡಿಗೆ ಬರೀ ತಾಗಿಸಲು) ಹೋಗಿ ಫೌಲಾದರೆ ಔಟೇ. ಜಾಣತನ ತೋರಿಸುವವರು ಹೋಗುವುದು ಇಲ್ಲೇ.

ಗೇಮು ಕೊಡುವ ಗುರಿಗಳಿಗೆ, ಅಂದರೆ ಚಾಲೆಂಜಿಗೆ, ಕೈ ಹಾಕುವ ಮೊದಲು ಟಿವಿಯಲ್ಲಿ 'ಗೇಮ್ ಮೋಡ್' ಹಾಕಿ. ಗಂಟೆಗೆ 95 ಮೈಲಿ ವೇಗದ ಚೆಂಡು ಎಸೆಯುವವನಿಂದ ಬ್ಯಾಟರ್ ತನಕದ 60 ಅಡಿ 6 ಇಂಚು ದಾಟಲು ಅರ್ಧ ಸೆಕೆಂಡೂ ಬೇಡ. ಚೆಂಡು ಬರುವುದು ಟಿವಿಯಲ್ಲಿ ತಡವಾಗಿ ಕಂಡರೆ ಎಂಥ ಕೈಚಳಕವೂ ದಂಡ. ಮಿರ್ಚಿ ತಿಂದ ಕೈಯನ್ನೂ ಒರೆಸಿಕೊಳ್ಳಿ. ಸ್ಟಿಕ್ ಜಾರಿ ಹೋದ ಹೋಮ್ ರನ್ನುಗಳಿಗೆ (ಗೋಡೆಯಾಚೆ ಹೋಗುವ ಹೊಡೆತಗಳಿಗೆ) ಯಾರೂ ಲೆಕ್ಕ ಇಟ್ಟಿಲ್ಲ.

ಬ್ಯಾಟಿಂಗಿಗೆ ಮುಖ್ಯವಾಗಿ ಈ ವಿಧಾನಗಳು: ಡೈರೆಕ್ಷನಲ್, ಟೈಮಿಂಗ್, ಜೋನ್. ಕಲಿಯುವವರೆಗೆ ಡೈರೆಕ್ಷನಲ್ ಸಾಕು, ಆದರೆ ಕೊನೆಗೆ ಎಲ್ಲರೂ ಬರುವುದು ಜೋನಿಗೇ. ಅದರಲ್ಲಿ ಎಡ ಸ್ಟಿಕ್ಕಿನಿಂದ 'ಪಿಸಿಐ' ಎಂಬ ಗುರುತನ್ನು ಚೆಂಡು ಬರುವ ಜಾಗಕ್ಕೆ ಒಯ್ಯಬೇಕು. ಹೊಸಬರ ದೊಡ್ಡ ಚಟವೆಂದರೆ ಪ್ರತಿ ಚೆಂಡಿಗೂ ಪವರ್ ಸ್ವಿಂಗ್. ಪವರ್ ಒತ್ತಿದರೆ ಪಿಸಿಐ ಕುಗ್ಗುತ್ತದೆ, ಕಾಂಟ್ಯಾಕ್ಟ್ ಒತ್ತಿದರೆ ಹಿಗ್ಗುತ್ತದೆ. 'ಎರಡು ಹಿಟ್ ಬೇಕು' ಎಂಬ ಚಾಲೆಂಜಿಗೆ ಪವರ್ ಯಾಕೆ ಬೇಕು ಹೇಳಿ? ಹೋಮ್ ರನ್ನೇ ಬೇಕಿದ್ದರೆ ಪಿಸಿಐಯನ್ನು ಚೆಂಡಿಗಿಂತ ಕೂದಲೆಳೆಯಷ್ಟು ಕೆಳಗಿಟ್ಟು, ತುಸು ಮುಂಚೆ ಬೀಸಿ ಮೂಲೆಯ ಕಡೆ ಎಳೆಯಿರಿ. ಮೈದಾನದ ನಟ್ಟನಡುವಿನ ಗೋಡೆಗಿಂತ ಮೂಲೆಯ ಗೋಡೆ ಹತ್ತಿರ. ಮೇಲಿಂದ ಹೊಡೆದರೆ ಚೆಂಡು ನೆಲಕ್ಕಂಟಿ ಉರುಳುತ್ತದೆ.

ಎಲ್ಲಕ್ಕಿಂತ ಕಷ್ಟದ್ದು, ಬೀಸದೆ ಸುಮ್ಮನಿರುವುದು. ಬೀಸದೆ ಬಿಟ್ಟ ನಾಲ್ಕು ಬಾಲ್ ಸ್ಟ್ರೈಕ್ ಜೋನಿನ (ಬ್ಯಾಟರ್ ಎದುರಿನ ಚೌಕದ) ಹೊರಗೆ ಹೋದರೆ ಪುಕ್ಕಟೆ ಒಂದು ಬೇಸ್ (ಓಡಿ ಮುಟ್ಟುವ ಠಾವು) ಸಿಗುತ್ತದೆ. ನಮ್ಮ ಹುಡುಗರಿಗೆ ವೈಡ್ ಬಾಲ್ ಬಿಡುವುದೆಂದರೆ ಮರ್ಯಾದೆಯ ಪ್ರಶ್ನೆ.

'ಟ್ರಿಪಲ್ ಹೊಡಿ' (ಒಂದೇ ಹೊಡೆತಕ್ಕೆ ಮೂರನೇ ಬೇಸ್ ಮುಟ್ಟು) ಎಂಬ ಚಾಲೆಂಜಿದ್ದರೆ ಓಟಗಾರ ಬ್ಯಾಟರನ್ನು ಇಳಿಸಿ, ಚೆಂಡನ್ನು ಬಲಗಡೆಯ ಖಾಲಿ ಜಾಗಕ್ಕೆ ಕಳಿಸಿ. ಅಲ್ಲಿಂದ ಮೂರನೇ ಬೇಸಿಗೆ ಎಸೆತ ದೂರ. ಬೇಸ್ ಕದಿಯುವ (ಹೊಡೆತವಿಲ್ಲದೆಯೇ ಮುಂದಿನ ಬೇಸಿಗೆ ಓಡುವ) ಚಾಲೆಂಜಿದ್ದರೆ ಬಲಗೈ ಪಿಚರ್ (ಚೆಂಡು ಎಸೆಯುವವನು) ಬರುವತನಕ ತಡೆಯಿರಿ. ಎಡಗೈಯವನು ಮೊದಲ ಬೇಸಿಗೆ ಮುಖ ಮಾಡಿಯೇ ನಿಂತಿರುತ್ತಾನೆ, ಅವನ ಕಣ್ಣೆದುರು ಕಳ್ಳತನ ನಡೆಯದು. ಪಿಚಿಂಗ್ ಸುಲಭ: ಪಿನ್‌ಪಾಯಿಂಟ್ ಎಂಬ ಕಷ್ಟದ ವಿಧಾನ ಬಿಟ್ಟು ಮೀಟರ್ ಎಂಬ ಸುಲಭದ್ದರಿಂದ ಶುರು ಮಾಡಿ, ಎರಡು ಸ್ಟ್ರೈಕ್ ಆದ ಕೂಡಲೇ ಸ್ಟ್ರೈಕ್ ಜೋನಿನ ಕೆಳಗೆ, ಹೊರಗೆ ಎಸೆಯಿರಿ.

'ಮೊಮೆಂಟ್ಸ್' ಎಂಬ ಪುಟ್ಟ ಚಾಲೆಂಜುಗಳನ್ನು ಎಷ್ಟು ಸಲ ಸೋತರೂ ಮತ್ತೆ ಆಡಬಹುದು. ಬೇಸಿಗೆಯಲ್ಲಿ ಗುರಿಗೆ ಒಂದೇ ಹಿಟ್ ಬಾಕಿ ಇರುವಾಗ ಕರೆಂಟು ಹೋದರೂ ಅಷ್ಟೇ, ಮೊದಲಿಂದ ಆಡಬೇಕು. ಆಟಗಾರರ ಅಂಕಿಗಳ ಮಿಷನ್‌ಗಳಿಗೆ 3 ಇನಿಂಗ್ಸಿನ ಪಂದ್ಯಗಳಿರುವ 'ಕಾಂಕ್ವೆಸ್ಟ್' ವಿಭಾಗ ಚೊಲೋ, ಊಟಕ್ಕೆ ಕರೆಯುವುದರೊಳಗೆ ಒಂದು ಪಂದ್ಯ ಮುಗಿದಿರುತ್ತದೆ.

ಗೆದ್ದ 'ಸ್ಟಬ್ಸ್' ಹಣವನ್ನು (ಗೇಮಿನೊಳಗಿನ ದುಡ್ಡನ್ನು) ಏನು ಬರುತ್ತದೋ ಗೊತ್ತಿಲ್ಲದ ಕಾರ್ಡ್ ಪ್ಯಾಕಿಗೆ ಸುರಿಯಬೇಡಿ. ಬೇಕಾದ ಆಟಗಾರನ ಕಾರ್ಡನ್ನು ಗೇಮಿನ ಮಾರ್ಕೆಟ್ಟಿನಲ್ಲಿ ನಿಮ್ಮ ದರ ಹೇಳಿ ಕೊಳ್ಳಿ. ಮಾರುವಾಗ ಮಾತ್ರ ನೂರಕ್ಕೆ 10 ಕಮಿಷನ್ ಹಿಡಿಯುತ್ತಾರೆ, ಥೇಟ್ ನಮ್ಮ ದಲ್ಲಾಳಿ ಅಂಗಡಿಯಂತೆ. 1,000ಕ್ಕೆ ಕೊಂಡ ಕಾರ್ಡನ್ನು 1,100ಕ್ಕೆ ಮಾರಿದ ಹುಡುಗ ಲಾಭವಾಯಿತೆಂದು ಗೆಳೆಯರಿಗೆಲ್ಲ ಮಿರ್ಚಿ ತರಿಸುತ್ತಾನೆ. ಖಾತೆಗೆ ಬಂದದ್ದು 990.