ನೆಟ್ ರನ್ ರೇಟ್ ಗೊತ್ತು, ವಾರ್ಡ್ ನಂಬರ್ ಗೊತ್ತಿಲ್ಲ

ಬೆಂಗಳೂರಿನವರಿಗೆ ಕ್ರಿಕೆಟ್ ಸಾಕು, ಮತ ಹಾಕಲು ಮನೆಯಿಂದ ಹೊರಗೇ ಬರಲ್ಲ ಎಂದು ಟೀವಿಯಲ್ಲಿ ಒಬ್ಬರು ಮತ್ತೆ ಉಗಿಯುತ್ತಿದ್ದರು. ಉಗಿಸಿಕೊಂಡು ನಮಗೂ ರೂಢಿಯಾಗಿದೆ. 2024ರ ಏಪ್ರಿಲ್ 25ರ ರಾತ್ರಿ ಆರ್‌ಸಿಬಿ ಹೈದರಾಬಾದಿನಲ್ಲಿ 35 ರನ್‌ಗಳಿಂದ ಗೆದ್ದಿತು. ಸಾಲುಸಾಲು ಸೋಲಿನ ಮೇಲೆ ಸಿಕ್ಕ ಗೆಲುವು, ಮಲಗುವಾಗ ತಡವಾಯಿತು. ಮರುದಿನವೇ ಲೋಕಸಭೆಗೆ ಮತದಾನ. ಬೆಂಗಳೂರು ದಕ್ಷಿಣದಲ್ಲಿ ಶೇ 53. ಅದೇ ದಿನ ಮಂಡ್ಯದಲ್ಲಿ ಶೇ 81 ದಾಟಿತು. ಮಂಡ್ಯದವರೇನು ಮ್ಯಾಚ್ ನೋಡಿರಲಿಲ್ಲವೇ?

ನಮ್ಮನ್ನು ದಡ್ಡರು ಅಂತ ಮಾತ್ರ ಅನ್ನಬೇಡಿ. ಮುಂದಿನ ತಿಂಗಳು ನಾವು ಚೆನ್ನೈ ವಿರುದ್ಧ 218 ಹೊಡೆದಾಗ, ಅವರು 201 ಮುಟ್ಟಿದರೆ ಸೋತೂ ಪ್ಲೇ-ಆಫ್‌ಗೆ ಹೋಗುತ್ತಾರೆ, 200ಕ್ಕೆ ನಿಂತರೆ ನಾವು ಎಂದು ನಮ್ಮ ಮೇಲಿನ ಮನೆಯವರು ಕರೆಂಟ್ ಬಿಲ್ಲಿನ ಹಿಂದೆ ನೆಟ್ ರನ್ ರೇಟ್ ಲೆಕ್ಕ ಹಾಕಿ ತೋರಿಸಿದರು. ಆಸ್ತಿ ತೆರಿಗೆ ಕಟ್ಟುವಾಗ ಮಾತ್ರ ಮಗನನ್ನು ಕರೆಯುತ್ತಾರೆ. ಕೊಹ್ಲಿ ಜೆರ್ಸಿ ನಂಬರ್ ನಿದ್ದೆಯಲ್ಲಿ ಕೇಳಿದರೂ 18 ಅಂತಾರೆ. ನಮ್ಮ ವಾರ್ಡ್ ನಂಬರ್ ಎಷ್ಟು ಸಾರ್ ಅಂದೆ.

"ಯಾವ ವರ್ಷದ್ದು ಹೇಳಲಿ?"

ನ್ಯಾಯವೇ. 198 ಇದ್ದ ವಾರ್ಡು 243 ಆಯಿತು, 243 ಇದ್ದದ್ದು 225 ಆಯಿತು, ಕೊನೆಗೆ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಕಾರ್ಪೊರೇಟರನ್ನು ಆರಿಸಿದ್ದು 2015ರ ಆಗಸ್ಟಿನಲ್ಲಿ. ಅವರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಆಮೇಲೆ ಐದು ವರ್ಷ ಟಾಸೇ ಆಗಲಿಲ್ಲ, ಪಿಚ್ ಮೇಲೆ ರೋಲರ್ ಓಡಿಸಿದ್ದೇ ಓಡಿಸಿದ್ದು. ಪ್ರೇಕ್ಷಕರಿಗೆ ಆಸಕ್ತಿ ಕಮ್ಮಿಯಂತೆ.

ಐಪಿಎಲ್ ಹರಾಜಿನ ವಿಷಯಕ್ಕೇ ಬನ್ನಿ. ರಿಷಭ್ ಪಂತ್ 27 ಕೋಟಿ ಎಂದು ಎಲ್ಲರೆದುರೇ ಸುತ್ತಿಗೆ ಬಡಿದರು. ಯಾರು ಕೊಂಡರು, ಕೈಯಲ್ಲಿ ಎಷ್ಟು ಉಳಿಯಿತು, ಎಲ್ಲ ಪರದೆ ಮೇಲೆ. 2019ರ ಜುಲೈಯಲ್ಲಿ ನಮ್ಮ ಶಾಸಕರು ರಾಜೀನಾಮೆ ಬರೆದು ಮುಂಬೈ ಹೋಟೆಲ್ ಸೇರಿದರಲ್ಲ, ಅದು ಬರೀ ಆತ್ಮಸಾಕ್ಷಿಯ ಕರೆ. ನಾನು ಪೂರ್ತಿ ನಂಬಿದ್ದೇನೆ. ಆದರೂ ಇನಿಂಗ್ಸ್ ಮಧ್ಯೆ ಪ್ಯಾಡ್ ಕಟ್ಟಿಕೊಂಡೇ ಎದುರಾಳಿ ಡಗ್‌ಔಟಿಗೆ ನಡೆದುಹೋದ ಬ್ಯಾಟ್ಸ್‌ಮನ್‌ನನ್ನು ನಾನಂತೂ ಕಂಡಿಲ್ಲ.

ಇಷ್ಟಾದರೂ ರಾಜಕೀಯದವರಿಗೆ ಕ್ರಿಕೆಟ್ ಮೇಲೆ ಹೊಟ್ಟೆಕಿಚ್ಚಿಲ್ಲ, ಪ್ರೀತಿಯೇ. 2025ರ ಜೂನ್ 3ರ ರಾತ್ರಿ, 18ನೇ ಸೀಸನ್ನಿಗೆ, ಅಂತೂ ಕಪ್ ನಮ್ದಾಯಿತು. ಐದು ವರ್ಷ ಪಾಲಿಕೆ ಚುನಾವಣೆಗೆ ದಿನ ಸಿಗದ ಊರಿನಲ್ಲಿ ಸನ್ಮಾನಕ್ಕೆ ಬೆಳಗಾಗುವಷ್ಟರಲ್ಲಿ ಮುಹೂರ್ತ ಸಿಕ್ಕಿತು. ವಿಧಾನಸೌಧದ ಮೆಟ್ಟಿಲು, ಮೈಸೂರು ಪೇಟ, ಫೋಟೊದಲ್ಲಿ ಜಾಗಕ್ಕೆ ನೂಕುನುಗ್ಗಲು.

ಇನ್ನೊಂದು ನೂಕುನುಗ್ಗಲು ಚಿನ್ನಸ್ವಾಮಿ ಗೇಟಿನಲ್ಲಿ. 11 ಜನ ಸತ್ತರು. ಒಳಗೆ ಸಂಭ್ರಮ ನಡೆದೇ ಇತ್ತು. ಆಮೇಲೆ ಕರೆದವರು ಯಾರು, ಅನುಮತಿ ಕೊಟ್ಟವರು ಯಾರು ಎಂದು ಒಬ್ಬರತ್ತ ಒಬ್ಬರು ಬೆರಳು ತೋರಿದ್ದು, ಥೇಟ್ ಇಬ್ಬರ ನಡುವೆ ಬಿದ್ದ ಕ್ಯಾಚಿನ... ಥೂ, ಇದಕ್ಕೆ ಕ್ರಿಕೆಟ್ ಉಪಮೆ ಬೇಡ. ಸತ್ತವರಲ್ಲಿ ಒಬ್ಬಳು ಶಾಲೆಗೆ ಹೋಗುವ ಹುಡುಗಿ, ಮತ ಹಾಕುವ ವಯಸ್ಸೂ ಆಗಿರಲಿಲ್ಲ. ಗೇಟಿನ ಮುಂದೆ ಬಿದ್ದಿದ್ದ ಚಪ್ಪಲಿಗಳ ರಾಶಿಯನ್ನು ಇದೇ ಟೀವಿ ಇಡೀ ದಿನ ತೋರಿಸಿತ್ತು.

ಈಗ ಉಗಿಯುತ್ತಿದೆ, ಬೆಂಗಳೂರಿನವರು ಮನೆಯಿಂದ ಹೊರಗೇ ಬರಲ್ಲವಂತೆ.