ಇವತ್ತೂ ಸೂಟಿ ಏನು?

ಬೆಂಗಳೂರಿನಲ್ಲಿ ಮಕ್ಕಳನ್ನು ಕಂಡವರು ಹೆಸರಿಗಿಂತ ಮೊದಲು ಕೇಳುವುದು ‘ಯಾವ ಸ್ಕೂಲು?’ ಅಂತ. ಉತ್ತರ ಸಿಕ್ಕ ತಕ್ಷಣ ಅಪ್ಪನ ಸಂಬಳ, ಮನೆ ಬಾಡಿಗೆ, ಕಾರಿನ ಮಾಡೆಲ್ಲು ಎಲ್ಲ ಅಂದಾಜಾಗುತ್ತದೆ. ನಮ್ಮ ಮಗಳು ‘ಸ್ಕೂಲಿಗೆ ಹೋಗಲ್ಲ, ಮನೇಲೇ ಓದ್ತೀನಿ’ ಅಂದುಬಿಟ್ಟರೆ ಈ ಲೆಕ್ಕವೆಲ್ಲ ಕೆಟ್ಟುಹೋಗುತ್ತದೆ. ಪಾಪ, ಅವರೇನು ಮಾಡ್ತಾರೆ? ನನ್ನ ಕಡೆ ತಿರುಗಿ, ದನಿ ಇಳಿಸಿ, ‘ಏನಾದ್ರೂ ತೊಂದರೆನಾ?’ ಅಂತಾರೆ.

ತೊಂದರೆ ಇಲ್ಲ ಅಂದರೆ ಎರಡನೇ ಊಹೆ ಶುರು. ‘ಹಾಗಾದ್ರೆ ಚೆಸ್ಸಾ? ಈಜಾ? ಸೀರಿಯಲ್ಲಲ್ಲಿ ಪಾರ್ಟು ಮಾಡ್ತಾಳಾ?’ ಶಾಲೆಗೆ ಹೋಗದ ಮಗು ಒಂದೋ ದಡ್ಡ ಆಗಿರಬೇಕು, ಇಲ್ಲಾಂದ್ರೆ ಮೇಧಾವಿ. ಬೆಳಿಗ್ಗೆ ಎದ್ದು ‘ಉಪ್ಪಿಟ್ಟು ಬೇಡ’ ಅಂತ ಮುಖ ಊದಿಸಿಕೊಂಡು, ಆಮೇಲೆ ಅದನ್ನೇ ತಿಂದು, ಭಿನ್ನರಾಶಿ ಕಲಿಯೋಕೆ ಕೂರುವ ಸಾಧಾರಣ ಮಗುವಿಗೆ ಜನರ ಮನಸ್ಸಿನಲ್ಲಿ ಜಾಗವೇ ಇಲ್ಲ.

ಶಾಲೆಯ ಮಕ್ಕಳಿಗೆ ಪರೀಕ್ಷೆಗೆ ವೇಳಾಪಟ್ಟಿ ಇರುತ್ತದೆ. ನಮ್ಮವಳಿಗೆ ಊರೆಲ್ಲ ಪರೀಕ್ಷಕರು, ವೇಳೆ ಗೊತ್ತಿಲ್ಲ. ತಿಪಟೂರಿನಲ್ಲಿ ಒಂದು ಮದುವೆ ಊಟ. ಎಲೆಗೆ ಕೋಸಂಬರಿ, ಪಲ್ಯ ಬಿದ್ದಿತ್ತು. ಹಪ್ಪಳದವನು ಇನ್ನೂ ಆಚೆ ಸಾಲಿನಲ್ಲಿದ್ದ. ಎದುರು ಪಂಕ್ತಿಯಲ್ಲಿ ಕೂತಿದ್ದ ದೂರದ ದೊಡ್ಡಪ್ಪ, ರಿಟೈರಾದ ಮೇಷ್ಟ್ರು, ‘ಹದಿಮೂರೇಳ್ಲಿ ಎಷ್ಟಮ್ಮ?’ ಅಂದರು. ಮಗಳು ಹಪ್ಪಳದ ಬುಟ್ಟಿ ಮೇಲೆ ಕಣ್ಣಿಟ್ಟುಕೊಂಡೇ ‘ಎಂಬತ್ತೊಂದು’ ಅಂದಳು. ಪಂಕ್ತಿಗೆ ಪಂಕ್ತಿಯೇ ನನ್ನನ್ನು ನೋಡಿತು. ದೊಡ್ಡಪ್ಪ ಪಕ್ಕದಲ್ಲಿದ್ದ ಸ್ವಂತ ಮೊಮ್ಮಗನ ಬೆನ್ನು ತಟ್ಟಿ ‘ನೀನು ಹೇಳಪ್ಪ ರಾಜ’ ಅಂದರು. ಅವನು ಲಕ್ಷಗಟ್ಟಲೆ ಫೀಸಿನ ಶಾಲೆಯವನು. ಸೂರು ನೋಡಿ ಯೋಚಿಸಿ ಅವನೂ ‘ಎಂಬತ್ತೊಂದು’ ಅಂದ. ‘ಪಾಪ, ರಾತ್ರಿಯಿಡೀ ನಿದ್ದೆ ಇಲ್ಲ ಮಗೂಗೆ’ ಅಂತ ದೊಡ್ಡಪ್ಪ ಅವನ ಎಲೆಗೆ ಎರಡು ಹಪ್ಪಳ ಹಾಕಿಸಿದರು. ಅವನ ತಪ್ಪಿಗೆ ನಿದ್ದೆ ಕಾರಣ. ಇವಳ ತಪ್ಪಿಗೆ ನಾನು ಕಾರಣ.

‘ಇದು ಕಾನೂನಿಗೆ ವಿರುದ್ಧ ಅಲ್ವಾ?’ ಅಂತ ಕೇಳುವವರ ಮೇಲೆ ನನಗೆ ಗೌರವ ಇದೆ. ಅವರು ಕೇಳುತ್ತಿರುವುದು ನಿಜವಾದ ಪ್ರಶ್ನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಉಚಿತ, ಕಡ್ಡಾಯ ಕೂಡ. ಹತ್ತಿರದ ಶಾಲೆಗೆ ಮಗುವನ್ನು ಸೇರಿಸುವುದು ಹೆತ್ತವರ ಕರ್ತವ್ಯ ಅಂತ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ಹೆತ್ತವರಿಗೆ ಇಷ್ಟು ದಂಡ ಅಂತ ಹೇಳುವುದಿಲ್ಲ. ಮನೆಯಲ್ಲೇ ಕಲಿಸುವವರ ಬಗ್ಗೆಯಂತೂ ಮಾತೇ ಇಲ್ಲ. ಜರ್ಮನಿಯಲ್ಲಾಗಿದ್ದರೆ ದಂಡ ಕಟ್ಟುತ್ತಿದ್ದೆವು. ಅಮೆರಿಕದಲ್ಲಾದರೆ 50 ರಾಜ್ಯಗಳಲ್ಲೂ ಇದಕ್ಕೆ ಒಪ್ಪಿಗೆ ಇದೆ. ನಮ್ಮಲ್ಲಿ ಎರಡೂ ಇಲ್ಲ. ನಮ್ಮಲ್ಲಿ ಸಮೀಕ್ಷೆಯ ಮೇಡಂ ಬರುತ್ತಾರೆ.

ಶಾಲೆಯಿಂದ ಹೊರಗುಳಿದ ಮಕ್ಕಳನ್ನು ಹುಡುಕುವ ಮನೆಮನೆ ಸಮೀಕ್ಷೆ. ಒಳ್ಳೆಯ ಕೆಲಸ, ಬೇಕಾದ ಕೆಲಸ. ಆದರೆ ಅವರು ನಮ್ಮ ಮನೆಗೆ ಬಂದದ್ದು ಜನವರಿಯಲ್ಲಿ. ಜನವರಿ ಅಂದರೆ ಸೊಗಡು ಅವರೆಯ ಕಾಲ. ರಾತ್ರಿ ನೆನೆಹಾಕಿದ ಕಾಳು ಹಿತುಕುವ ಕೆಲಸ ನಡೆದಿತ್ತು. ಹಾಲಿನ ನಟ್ಟನಡುವೆ ಮಗಳು ಹಳೇ ಫ್ರಾಕು ಹಾಕಿಕೊಂಡು ಬೋಗುಣಿ ಮುಂದೆ ಕೂತಿದ್ದಾಳೆ. ತಲೆ ಬಾಚಿಲ್ಲ. ಬೆರಳೆಲ್ಲ ನೀರಿಗೆ ಸುಕ್ಕುಗಟ್ಟಿದೆ. ಎರಡು ಬೆರಳಲ್ಲಿ ಅದುಮಿದರೆ ಬೇಳೆ ಪುಳಕ್ಕನೆ ಹಾರಿ ಬೋಗುಣಿಗೆ ಬೀಳಬೇಕು. ಒಂದು ಮಾತ್ರ ಹೋಗಿ ಮೇಡಂ ಅವರ ಮೊಬೈಲಿಗೆ ಅಂಟಿಕೊಂಡಿತು.

ನಾನು ನೀರು ತರೋಕೆ ಒಳಗೆ ಹೋದೆ. ಅಷ್ಟರಲ್ಲಿ ವಿಚಾರಣೆ ಶುರುವಾಗಿತ್ತು.

‘ಯಾವ ಸ್ಕೂಲು ಪಾಪು?’

‘ಸ್ಕೂಲಿಗೆ ಹೋಗಲ್ಲ.’

‘ಮತ್ತೆ ಮನೇಲಿ ಏನ್ ಮಾಡ್ತೀಯ?’

‘ಅವರೆಕಾಳು ಹಿತುಕ್ತೀನಿ.’

‘ದಿನಾನಾ?’

‘ಸೀಸನ್ನಲ್ಲಿ ದಿನಾ. ಒಂದು ಬೋಗುಣಿಗೆ ಅಮ್ಮ ಹತ್ತು ರೂಪಾಯಿ ಕೊಡ್ತಾಳೆ. ಹೋದ್ವಾರದ್ದು ಇನ್ನೂ ಕೊಟ್ಟಿಲ್ಲ.’

ನಾನು ನೀರಿನ ಲೋಟ ಅಲ್ಲೇ ಇಟ್ಟು ಓಡಿಬಂದೆ. ಅದು ಲೆಕ್ಕದ ಪಾಠ ಮೇಡಂ, ಕೂಲಿ, ಬಾಕಿ, ಉಳಿತಾಯ ಎಲ್ಲ ಇದರಲ್ಲೇ ಹೇಳಿಕೊಡ್ತೀನಿ ಅಂತ ಏನೇನೋ ಒದರಿದೆ. ಜೀತದಾಳನ್ನು ಇಟ್ಟುಕೊಂಡ ಜಮೀನ್ದಾರನೂ ಇದನ್ನೇ ಹೇಳುತ್ತಿದ್ದನೇನೋ. ಪುಸ್ತಕದ ಕಪಾಟು ತೋರಿಸಿದೆ. ನೋಟ್‌ಬುಕ್ಕು ತೋರಿಸಿದೆ. ಮಗಳಿಂದ ಒಂದು ಪುಟ ಕನ್ನಡ ಗಟ್ಟಿಯಾಗಿ ಓದಿಸಿದೆ. ಮೇಡಂ ನಂಬಿದರು ಅನ್ನಿಸುತ್ತೆ. ಆದರೆ ಅವರ ಕಷ್ಟ ಬೇರೆ. ಶಾಲೆಗೆ ಹೋಗದಿರಲು ಕಾರಣ ಏನು ಅನ್ನುವ ಕಡೆ ಬಡತನ ಇತ್ತು, ವಲಸೆ ಇತ್ತು, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಇತ್ತು. ‘ಇದರಲ್ಲಿ ಯಾವುದು ಹಾಕ್ಲಿ ಹೇಳಿ’ ಅಂತ ನನ್ನನ್ನೇ ಕೇಳಿದರು. ಕೊನೆಗೆ ‘ಇತರೆ’ ನಮ್ಮನ್ನು ಕಾಪಾಡಿತು. ಚಪ್ಪಲಿ ಹಾಕಿಕೊಳ್ಳುತ್ತಾ, ‘ಮೇಡಂ, ಹೋದ್ವಾರದ್ದು ಕೊಟ್ಬಿಡಿ’ ಅಂದರು.

ಮುಂದೇನು, ಎಸ್ಸೆಸ್ಸೆಲ್ಸಿ ಹೇಗೆ ಅನ್ನುವುದು ತೀರ್ಥಹಳ್ಳಿಯಲ್ಲಿರುವ ನಮ್ಮ ಅತ್ತೆಯ ಚಿಂತೆ. ಫೋನಿನಲ್ಲಿ ಬಿಡಿಸಿ ಹೇಳಿದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಅಂತ ಇದೆ, ಕೇಂದ್ರ ಸರ್ಕಾರದ್ದು, 1989ರಿಂದಲೂ ಇದೆ. 14 ತುಂಬಿದ ಮೇಲೆ ಹತ್ತನೇ ತರಗತಿ ಪರೀಕ್ಷೆಗೆ ಕೂರಬಹುದು. ‘ಅದು ಫೇಲಾದವರು ಕಟ್ಟೋದಲ್ವೇನೆ?’ ಅಂದರು. ಎಲ್ಲರೂ ಹೀಗೇ ಅನ್ನುತ್ತಾರೆ. ಐದು ವಿಷಯ ಪಾಸಾದರೆ ಸಾಕು, ನಾವೇ ಆರಿಸಿಕೊಳ್ಳಬಹುದು, ಕನ್ನಡ ಇದೆ, ಗಣಿತ ಇದೆ, ಚಿತ್ರಕಲೆ ಇದೆ, ಗೃಹ ವಿಜ್ಞಾನ ಕೂಡ ಇದೆ ಅಂದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೃಹ ವಿಜ್ಞಾನನಾ? ಅದನ್ನ ಯಾರು ಹೇಳಿಕೊಡೋದು, ನೀನಾ?’ ಅಂದರು. ಇಷ್ಟು ವರ್ಷದಲ್ಲಿ ಕೇಳಿದ ಟೀಕೆಗಳಲ್ಲಿ ನನ್ನ ಬಾಯಿ ಕಟ್ಟಿಹಾಕಿದ್ದು ಎರಡು. ಅದರಲ್ಲಿ ಇದೊಂದು.

ಇನ್ನೊಂದು ನಮ್ಮ ಮನೆಗೆ ಪಾತ್ರೆ ತೊಳೆಯೋಕೆ ಬರುವಾಕೆಯದು. ‘ಬೇಜಾರು ಮಾಡ್ಕೋಬೇಡಿ ಅಕ್ಕ. ನನ್ನ ಮಕ್ಳು ಸ್ಕೂಲಿಗೆ ಹೋಗ್ಲಿ ಅಂತ ನಾನು ನಾಕು ಮನೆ ಪಾತ್ರೆ ತೊಳೀತೀನಿ. ನೀವು ನೋಡಿದ್ರೆ ಸ್ಕೂಲೇ ಬೇಡ ಅಂತೀರ.’ ಇದಕ್ಕೆ ಏನು ಹೇಳೋದು? ಅವರ ಮಕ್ಕಳಿಗೆ ಶಾಲೆಯಲ್ಲಿ ಬಿಸಿಯೂಟ ಇದೆ, ಮೊಟ್ಟೆ ಇದೆ, ಪುಸ್ತಕ ಇದೆ, ತಾಯಿ ಬರುವವರೆಗೆ ಕಣ್ಣಿಡುವವರು ಇದ್ದಾರೆ. ನಮ್ಮಲ್ಲಿ ಒಬ್ಬರ ಸಂಬಳದಲ್ಲಿ ಮನೆ ನಡೆಯುತ್ತೆ, ಅದಕ್ಕೇ ಇನ್ನೊಬ್ಬರು ಮನೆಯಲ್ಲಿ ಕೂತು ಅವರೆಕಾಳಿನಲ್ಲಿ ಗಣಿತ ಕಾಣಬಹುದು. ‘ದುಡ್ಡಿರೋರ ಖಯಾಲಿ’ ಅನ್ನುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ‘ಫೀಸು ಉಳಿಸೋ ಜಿಪುಣರು’ ಅನ್ನುವವರ ಜೊತೆ ಮಾತ್ರ ಹೋಗ್ತೀನಿ.

ಹಾಂ, 2020ರಲ್ಲಿ ಶಾಲೆಗಳೆಲ್ಲ ಮುಚ್ಚಿದಾಗ ಒಬ್ಬರೂ ಬುದ್ಧಿ ಹೇಳಲಿಲ್ಲ. ‘ನೀನು ಹೇಗೆ ತಡ್ಕೋತೀಯ ಮಾರಾಯ್ತಿ?’ ಅಂತ ಅವರೇ ಫೋನ್ ಮಾಡುತ್ತಿದ್ದರು. ಶಾಲೆ ತೆರೆದ ಮೇಲೆ ಮತ್ತೆ ಹಳೇ ರಾಗ.

ಎಲ್ಲಕ್ಕಿಂತ ಜಾಸ್ತಿ ಕೇಳಿದ ಪ್ರಶ್ನೆ ಇದು: ‘ಮನೇಲೇ ಇದ್ರೆ ನಾಲ್ಕು ಜನರ ಜೊತೆ ಬೆರೆಯೋದು ಹೇಗೆ ಕಲೀತಾಳೆ?’ ನನ್ನ ಚಿಂತೆ ಅವಳು ಬೆರೆಯುವುದನ್ನು ಹೇಗೆ ನಿಲ್ಲಿಸೋದು ಅನ್ನುವುದು. ಹೂವಿನವರಿಗೆ ನಮ್ಮ ಮನೆ ಇಎಂಐ ಎಷ್ಟು ಅಂತ ಗೊತ್ತು. ಇಸ್ತ್ರಿ ಅಂಗಡಿಯವರು ‘ಸಾರ್‌ಗೆ ಶುಗರ್ ಬಂದಿದೆಯಂತೆ’ ಅಂತ ವಿಚಾರಿಸುತ್ತಾರೆ. ನನ್ನ ಗಂಡ ಅದನ್ನು ಸ್ವಂತ ತಮ್ಮನಿಗೂ ಹೇಳಿರಲಿಲ್ಲ.

ಅಪಾರ್ಟ್‌ಮೆಂಟಿನ ವಾಚ್‌ಮನ್ ರಾಯಚೂರು ಕಡೆಯವರು. ಇವಳು ಹಾಲು ತರೋಕೆ ಹೋದಾಗಲೆಲ್ಲ ‘ಏನವ್ವಾ, ಇವತ್ತೂ ಸೂಟಿ ಏನು?’ ಅಂತ ಕೇಳುತ್ತಿದ್ದರು. ಮೊದಮೊದಲು ಇವಳು ಮುಕ್ತ ಶಾಲೆಯ ನಿಯಮವನ್ನೆಲ್ಲ ವಿವರಿಸಿದ್ದಾಳೆ. ಮರುದಿನ ಮತ್ತದೇ ಪ್ರಶ್ನೆ. ಆಮೇಲೆ ಜ್ವರ ಅಂದಿದ್ದಾಳೆ, ಕಾಲು ಉಳುಕಿದೆ ಅಂದಿದ್ದಾಳೆ. ಇದೆಲ್ಲ ನನಗೆ ಗೊತ್ತಿಲ್ಲ. ಶಾಲೆಗಳು ಶುರುವಾದ ಜೂನ್‌ನಲ್ಲಿ ಒಂದು ದಿನ ವಾಚ್‌ಮನ್ ನನ್ನನ್ನು ನಿಲ್ಲಿಸಿ, ಟೋಪಿ ತೆಗೆದು, ‘ಅಕ್ಕಾರ, ಅಮ್ಮಾರ ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತು’ ಅಂದರು. ಅತ್ತೆಯ ಮಂಡಿ ನೋವಿನ ವಿಷಯ ಇರಬೇಕು ಅಂದುಕೊಂಡು, ‘ಏನ್ ಮಾಡೋಕಾಗುತ್ತೆ, ವಯಸ್ಸಾಯ್ತಲ್ಲ’ ಅಂತ ಲಿಫ್ಟ್ ಹತ್ತಿದೆ.

ಮುಂದಿನ ವಾರ ಬೆಳಿಗ್ಗೆ ಇಂಟರ್‌ಕಾಮ್ ಹೊಡೆದುಕೊಂಡಿತು. ‘ಅಕ್ಕಾರ, ಗೇಟಿನ್ಯಾಗ ಒಬ್ರು ಬಂದಾರ. ತೀರ್ಕೊಂಡ ಅಮ್ಮಾರು ನಾನ ಅಂತಾರ. ಒಳಗ ಬಿಡ್ಲ್ಯಾ?’

ಕೆಳಗೆ ಹೋಗಿ ನೋಡಿದರೆ ಅತ್ತೆ. ಕಾಲ ಬಳಿ ಗೋಣಿಚೀಲದಲ್ಲಿ ಹಲಸಿನಹಣ್ಣು. ವಾಚ್‌ಮನ್ ಕುರ್ಚಿ ಕೊಟ್ಟಿದ್ದರು, ಆದರೆ ಸ್ವಲ್ಪ ದೂರದಲ್ಲೇ ನಿಂತಿದ್ದರು. ನನ್ನ ಹಿಂದೆ ಬಂದ ಮಗಳು ಅಜ್ಜಿಯನ್ನು ನೋಡಿ ಲಿಫ್ಟಿಗೆ ವಾಪಸು ಹೋಗುವುದರಲ್ಲಿದ್ದಳು.

‘ಬಾ ಇಲ್ಲಿ’ ಅಂದರು ಅತ್ತೆ. ‘ಸ್ಕೂಲಿಗೇ ಹೋಗದೆ ಈ ವಿದ್ಯೆ ಎಲ್ಲಿ ಕಲಿತೆ? ನಿಮ್ಮಪ್ಪ ಎಂಟನೇ ಕ್ಲಾಸಲ್ಲಿ ರಜಾಚೀಟಿ ಬರೆದು ಬರೆದು ನನ್ನ ಅಮ್ಮನ್ನ ಮೂರು ಸಲ ಸಾಯಿಸಿದ್ದ. ನೀನು ನನ್ನ ಒಂದೇ ಸಲಕ್ಕೆ ಬಿಟ್ಟಿದೀಯ, ಪರವಾಗಿಲ್ಲ. ಹೋಗು, ಕತ್ತಿಗೆ ಎಣ್ಣೆ ಹಚ್ಚಿಡು. ಹಣ್ಣು ಇವತ್ತೇ ಕೊಯ್ಯಬೇಕು.’